ಕಟ್ಟೆಗೆ ಪೆಟ್ಟಾಗದಂತೆ ಸಿಂಕ್ ಬಿಡಿಸಬಹುದೇ?

ಪ್ರಶ್ನೆ: ನಮ್ಮ ಅಡುಗೆಮನೆಯ ಕರಿ ಗ್ರಾನೈಟ್ ಕಟ್ಟೆಯಲ್ಲಿ 14 ವರ್ಷಗಳ ಹಿಂದೆ ಕೂರಿಸಿದ ಸ್ಟೀಲ್ ಸಿಂಕಿನ ತಳ ತೂತಾಗಿ, ಕೆಳಗಿನ ಕಪಾಟಿಗೆ ನೀರು ತೊಟ್ಟಿಕ್ಕುತ್ತಿದೆ. ಅಂಚಿನ ಸುತ್ತ ಸಿಲಿಕಾನ್ ಹಾಕಿ ಮುಚ್ಚಿದ್ದಾರೆ. ಕಲ್ಲು ಒಡೆಯದೆ ತೆಗೆಯಲಾಗದು ಎಂದು ಪ್ಲಂಬರ್ ಹೇಳುತ್ತಾರೆ. ಪಕ್ಕದ ಮನೆಯಲ್ಲಿ ಹೀಗೆ ತೆಗೆಯುವಾಗ ಸಿಂಕಿನ ಮುಂದಿನ ಕಲ್ಲು ಬಿರುಕು ಬಿಟ್ಟದ್ದನ್ನು ಕಂಡು ಭಯವಾಗಿದೆ. ಬೇರೆ ದಾರಿ ಇದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ. ಆದರೆ ಸಿಂಕನ್ನು ಹೇಗೆ ಕೂರಿಸಿದ್ದಾರೆ ಎಂಬುದು ಗೊತ್ತಾಗುವವರೆಗೆ ಯಾರ ಕೈಗೂ ಸುತ್ತಿಗೆ ಕೊಡಬೇಡಿ. ಕಪಾಟು ಖಾಲಿ ಮಾಡಿ, ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ಸಿಂಕಿನ ಅಂಚು ಕಲ್ಲಿನ ಮೇಲೆ ಕುಳಿತಿದ್ದರೆ ಕೆಲಸ ಸುಲಭ. ಅಂಚು ಕಲ್ಲಿನ ಅಡಿಗೆ ಹೋಗಿ, ಅದರ ಕೆಳಗೆ ಕಡಪ ಕಲ್ಲಿನ ಆಸರೆ ಇದ್ದು, ನಡುವೆ ಸಿಮೆಂಟ್ ತುಂಬಿದ್ದರೆ ಅದು ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ನಿಮ್ಮ ಪ್ಲಂಬರ್ ಹೆದರಿಸಿದ್ದು ಬಹುಶಃ ಇದನ್ನು ಕಂಡೇ ಇರಬೇಕು.

ಮೇಲೆ ಕೂತ ಸಿಂಕಾದರೆ, ಮೊದಲು ನೀರು ನಿಲ್ಲಿಸಿ, ವೇಸ್ಟ್ ಪೈಪನ್ನೂ ಕಪ್ಲಿಂಗನ್ನೂ ಬಿಚ್ಚಿ, ಕೆಳಗೆ ಕ್ಲಿಪ್ಪುಗಳಿದ್ದರೆ ಅವುಗಳ ಸ್ಕ್ರೂ ಸಡಿಲಿಸಿ. ಆಮೇಲೆ ಅಂಚಿನ ಸಿಲಿಕಾನನ್ನು ಹೇರ್ ಡ್ರೈಯರಿನಿಂದ ಗೇಣುದ್ದದಷ್ಟು ಬಿಸಿ ಮಾಡುತ್ತ, ಹರಿತವಾದ ಬ್ಲೇಡನ್ನು ಆದಷ್ಟು ಮಲಗಿಸಿ ಹಿಡಿದು, ಕೊಯ್ಯುತ್ತ ಸಾಗಿ. ಒಂದು ಮೂಲೆ ಬಿಟ್ಟುಕೊಂಡ ಮೇಲೆ, ಮೀನುಗಾಳದ ಗಟ್ಟಿ ನೈಲಾನ್ ದಾರವನ್ನು ಅಂಚಿನಡಿಗೆ ತೂರಿಸಿ, ಎರಡೂ ತುದಿಗಳನ್ನು ಮೊಸರು ಕಡೆಯುವಂತೆ ಅತ್ತಿತ್ತ ಎಳೆದರೆ ಬ್ಲೇಡು ಮುಟ್ಟದ ಒಳಭಾಗವೂ ಕತ್ತರಿಸಿಕೊಳ್ಳುತ್ತದೆ. ಕೊನೆಗೆ ಒಬ್ಬರು ಕೆಳಗಿನಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿದರೆ ಸಿಂಕು ಎದ್ದು ಬರಬೇಕು. ಬಾರದಿದ್ದರೆ ಎಲ್ಲೋ ಅಂಟು ಉಳಿದಿದೆ ಎಂದರ್ಥ.

ಇಲ್ಲಿಯೇ ತಾಳ್ಮೆ ಕೆಟ್ಟು ಸ್ಕ್ರೂಡ್ರೈವರ್ ತುರುಕಿ ಮೀಟುತ್ತಾರೆ. ನಮ್ಮ ಮನೆಗಳ ಕಟ್ಟೆಯ ಗ್ರಾನೈಟ್ ಸಾಮಾನ್ಯವಾಗಿ 18ರಿಂದ 20 ಮಿಲಿಮೀಟರ್ ದಪ್ಪದ್ದು. ಒತ್ತುವ ಭಾರವನ್ನು ಧಾರಾಳವಾಗಿ ತಡೆಯುವ ಈ ಕಲ್ಲು, ಬಾಗಿಸುವ ಬಲಕ್ಕೆ ಬೇಗ ಸೋಲುತ್ತದೆ. ಸಿಂಕಿನ ಮುಂದೆ ಉಳಿದಿರುವುದು ಎರಡು ಮೂರು ಇಂಚಿನ ಪಟ್ಟಿ ಮಾತ್ರ; ಕಲ್ಲು ಕೊಯ್ಯುವವರು ಮೂಲೆಯನ್ನು ದುಂಡಾಗಿಸದೆ ನೇರವಾಗಿ ಕೊಯ್ದಿದ್ದರೆ ಬಿರುಕು ಹುಟ್ಟುವುದು ಆ ಮೂಲೆಯಿಂದಲೇ. ಆದ್ದರಿಂದ ಕೆಲಸ ಶುರು ಮಾಡುವ ಮುನ್ನ ಆ ಪಟ್ಟಿಯ ಅಡಿಗೆ ಮರದ ತುಂಡನ್ನು ಊರುಗೋಲಾಗಿ ನಿಲ್ಲಿಸುವುದು ಒಳ್ಳೆಯದು.

ಸಿಮೆಂಟಿನಲ್ಲಿ ಹೂತ ಸಿಂಕಾಗಿದ್ದರೆ ಕಲ್ಲನ್ನು ಮರೆತು ಸಿಂಕನ್ನೇ ಬಲಿ ಕೊಡಿ. ಹೇಗಿದ್ದರೂ ಗುಜರಿಗೆ ಹೋಗುವ ವಸ್ತು! ಗ್ರೈಂಡರಿನಿಂದ ಕಲ್ಲಿನ ಅಂಚಿಗಿಂತ ಒಂದಿಂಚು ಒಳಗೆ ಬಟ್ಟಲನ್ನು ಕತ್ತರಿಸಿ ತೆಗೆದು, ಉಳಿದ ಅಂಚನ್ನು ಅಲ್ಲಲ್ಲಿ ಸೀಳಿ, ಇಕ್ಕಳದಿಂದ ಒಳಕ್ಕೆ ಮಡಿಸುತ್ತ ಬಿಡಿಸಬೇಕು. ಇದು ಅನುಭವಿ ಕೈಯ ಕೆಲಸ. ಕತ್ತರಿಸುವಾಗ ಹಾರುವ ಕಿಡಿ ಕಲ್ಲಿನ ಮೇಲೆ ತುಕ್ಕಿನ ಚುಕ್ಕೆಯಾಗಿ ಉಳಿಯುವುದರಿಂದ ಕಟ್ಟೆಗೆ ದಪ್ಪ ರಟ್ಟು ಹೊದಿಸಿ. ಕಣ್ಣಿಗೆ ಕನ್ನಡಕವಿಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಇಂಥ ಜಾಗಕ್ಕೆ ಹೊಸದಾಗಿ ಮೇಲೆ ಕೂರುವ ಸಿಂಕನ್ನೇ ಆರಿಸಿ. ಅಂಗಡಿಗೆ ಹೋಗುವಾಗ ಹಳೆಯ ಸಿಂಕಿನ ಅಳತೆಯನ್ನಲ್ಲ, ಕಲ್ಲಿನ ಕಿಂಡಿಯ ಅಳತೆಯನ್ನು ಬರೆದುಕೊಂಡು ಹೋಗಿ.

ಪ್ರಶ್ನೆ: ಸಿಂಕ್ ತೆಗೆದ ಮೇಲೆ ಕಲ್ಲಿಗಂಟಿದ ಸಿಲಿಕಾನ್ ಕಲೆಯನ್ನು ಟಾಯ್ಲೆಟ್ ತೊಳೆಯುವ ಆ್ಯಸಿಡ್ಡಿನಿಂದ ತೆಗೆಯಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಬೇಡ. ಆ್ಯಸಿಡ್ಡಿಗೆ ಸಿಲಿಕಾನ್ ಕರಗುವುದಿಲ್ಲ. ಬದಲಿಗೆ ಅದು ಸುಣ್ಣದ ಅಂಶವಿರುವ ಮಾರ್ಬಲನ್ನೂ ಕೆಳಗಿನ ಕಡಪ ಕಲ್ಲನ್ನೂ ತಿನ್ನುತ್ತದೆ, ಸ್ಟೀಲಿಗೂ ಕೇಡು. ಬ್ಲೇಡಿನಿಂದ ಹೆರೆದು, ಸಿಲಿಕಾನ್ ತೆಗೆಯಲೆಂದೇ ಮಾರುವ ದ್ರಾವಣವನ್ನು ಮೂಲೆಯಲ್ಲಿ ಒಮ್ಮೆ ಪರೀಕ್ಷಿಸಿ ಹಚ್ಚಿ, ಮೆತ್ತಗಾದ ಮೇಲೆ ಒರೆಸಿ. ಹೊಸದಾಗಿ ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕಾನ್ ಬಿಟ್ಟು, ಕಲ್ಲಿಗೆ ಹೊಂದುವ ನ್ಯೂಟ್ರಲ್ ಬಗೆಯದನ್ನು ಕೇಳಿ ಪಡೆಯಿರಿ. ಹಚ್ಚಿದ ಮೇಲೆ 24 ಗಂಟೆ ಅಲ್ಲಿಗೆ ನೀರು ಸೋಕಿಸಬೇಡಿ. ಆ ಒಂದು ದಿನ ಪಾತ್ರೆ ಹಿತ್ತಲಿನಲ್ಲೇ ತೊಳೆಯಬೇಕಾದೀತು.