ಹಳೇ ಕಂಪ್ಯೂಟರೇ ಸಾಕು, ಮೊದಲು ಕ್ಯಾಸೆಟ್ ಹೊರತೆಗೆಯಿರಿ

ಪ್ರಶ್ನೆ: ನನ್ನ ಹತ್ತಿರ ಸುಮಾರು 300 ಸಿ.ಡಿ.ಗಳಿವೆ. ಹೆಚ್ಚಿನವು ಕರ್ನಾಟಕ ಸಂಗೀತ, ಸ್ವಲ್ಪ ಹಿಂದೂಸ್ತಾನಿ, ಉಳಿದದ್ದು ಭಾವಗೀತೆ. ತಂದೆಯವರು ಆಕಾಶವಾಣಿಯಿಂದ, ರಾಮನವಮಿ ಕಛೇರಿಗಳಿಂದ ರೆಕಾರ್ಡ್ ಮಾಡಿಕೊಂಡಿದ್ದ 60 ಕ್ಯಾಸೆಟ್‌ಗಳೂ ಇವೆ. ಮಗ ಲ್ಯಾಪ್‌ಟಾಪ್ ಕೊಂಡ ಮೇಲೆ ಹತ್ತು ವರ್ಷದ ಡೆಸ್ಕ್‌ಟಾಪ್ (ಐ3, 4 ಜಿ.ಬಿ. ರ‍್ಯಾಮ್) ಮೂಲೆ ಸೇರಿದೆ. ಇದನ್ನು ಮ್ಯೂಸಿಕ್ ಸರ್ವರ್, ಅಂದರೆ ಹಾಡುಗಳನ್ನೆಲ್ಲ ಒಂದೆಡೆ ಕೂಡಿಟ್ಟು ಬೇಕಾದಾಗ ನುಡಿಸುವ ಯಂತ್ರ, ಮಾಡಬಹುದೇ? ಅಂಗಡಿಯವರು ಹೊಸ ಕಂಪ್ಯೂಟರೇ ಬೇಕು ಎನ್ನುತ್ತಾರೆ. ಧ್ವನಿಯ ಗುಣಮಟ್ಟದಲ್ಲಿ ಮಾತ್ರ ರಾಜಿ ಬೇಡ.
— ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ಧಾರಾಳವಾಗಿ ಮಾಡಬಹುದು. ಸಿ.ಡಿ.ಯಲ್ಲಿರುವ ಸಂಗೀತ ಸೆಕೆಂಡಿಗೆ 1,411 ಕಿಲೋಬಿಟ್, ಅಷ್ಟೇ. ಎಚ್‌.ಡಿ. ವಿಡಿಯೊ ಓಡಿಸಿ ಅಭ್ಯಾಸವಿರುವ ಯಂತ್ರಕ್ಕೆ ಇದು ಕೆಲಸವೇ ಅಲ್ಲ. ಜಾಗದ ಲೆಕ್ಕವನ್ನೂ ನೋಡಿ: ಒಂದು ಗಂಟೆಯ ಸಿ.ಡಿ. ಹಾಗೇ ಇಳಿಸಿದರೆ ಸುಮಾರು 600 ಎಂ.ಬಿ. ಬೇಕು. ಫ್ಲ್ಯಾಕ್ ಎಂಬ ಕುಗ್ಗಿಸಿದ ಕಡತದ ರೂಪದಲ್ಲಿಟ್ಟರೆ ಹೆಚ್ಚುಕಡಿಮೆ ಅರ್ಧ. ಎಂಪಿ3 ಧ್ವನಿಯ ಒಂದಷ್ಟು ಭಾಗವನ್ನು ಎಸೆಯುತ್ತದೆ, ಫ್ಲ್ಯಾಕ್ ಏನನ್ನೂ ಎಸೆಯುವುದಿಲ್ಲ, ಬಿಚ್ಚಿದಾಗ ಸಿ.ಡಿ.ಯಲ್ಲಿದ್ದ ಪ್ರತಿ ಬಿಟ್ಟೂ ವಾಪಸ್ ಬರುತ್ತದೆ. ಹಾಗಾಗಿ ನಿಮ್ಮ 300 ಸಿ.ಡಿ. ಸುಮಾರು 100 ಜಿ.ಬಿ.ಯಲ್ಲಿ ಕೂರುತ್ತವೆ. ಅಂಗಡಿಗೆ ಕೊಡಬೇಕೆಂದಿದ್ದ ಹಣದಲ್ಲಿ 500 ಜಿ.ಬಿ.ಯ, ಹಾಡುಗಳನ್ನು ಕೂಡಿಡುವ ಒಂದು ಎಸ್‌ಎಸ್‌ಡಿ ತನ್ನಿ, ಉಳಿದದ್ದು ಸ್ಪೀಕರಿಗಿರಲಿ.

ಆದರೆ ಸಿ.ಡಿ.ಯಿಂದ ಶುರು ಮಾಡಬೇಡಿ. ಸಿ.ಡಿ. ಹಾಳಾದರೆ ಇನ್ನೊಂದು ಎಲ್ಲಾದರೂ ಸಿಕ್ಕೀತು. ನಿಮ್ಮ ತಂದೆಯವರು ಪೆಂಡಾಲಿನಲ್ಲಿ ಕೂತು ತುಂಬಿಸಿಕೊಂಡ ಕ್ಯಾಸೆಟ್‌ಗೆ ಜಗತ್ತಿನಲ್ಲಿ ಎರಡನೆಯ ಪ್ರತಿ ಇರಲಾರದು.

ಕ್ಯಾಸೆಟ್‌ನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ ನೋಡಿ, ಇನ್ನೂ ಮುರಿಯದಿದ್ದರೆ ಈಗಲೇ ಮುರಿಯಿರಿ. ಅಪ್ಪಿತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಯುವುದಿಲ್ಲ. ಟೇಪಿನ ಹಿಂದಿರುವ ಪುಟಾಣಿ ಬಟ್ಟೆಯ ಪ್ಯಾಡ್ ಉದುರಿದ್ದರೆ ಬೇರೆ ಖಾಲಿ ಕ್ಯಾಸೆಟ್‌ನ ಡಬ್ಬಿಗೆ ಟೇಪನ್ನು ವರ್ಗಾಯಿಸಿ. ಕ್ಯಾಸೆಟ್ ಡೆಕ್‌ನಲ್ಲಿ ಟೇಪನ್ನು ಓದುವ ಹೆಡ್ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿ ಆಡಿಸಿ. ಹತ್ತಿ ಕಂದುಬಣ್ಣಕ್ಕೆ ತಿರುಗಿದರೆ ಧ್ವನಿ ಮಂಕಾಗಿ ಕೇಳಲು ಆ ಕೊಳೆಯೇ ಕಾರಣ. ವರ್ಷಗಟ್ಟಲೆ ಸುತ್ತಿಟ್ಟಿದ್ದ ಟೇಪನ್ನು ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಹಿಂದೆ ಓಡಿಸಿ ಆಮೇಲೆ ಪ್ಲೇ ಮಾಡಿ.

ಡೆಕ್‌ನ ಲೈನ್ ಔಟ್‌ನಿಂದ ಕಂಪ್ಯೂಟರಿನ ಬೆನ್ನಿಗಿರುವ ತಿಳಿನೀಲಿ ರಂಧ್ರಕ್ಕೆ ವೈರ್ ಹೋಗಬೇಕು. ಪಕ್ಕದ ಗುಲಾಬಿ ರಂಧ್ರ ಮೈಕಿನದು, ಅದಕ್ಕೆ ಚುಚ್ಚಿದರೆ ಮೃದಂಗದ ಪ್ರತಿ ಪೆಟ್ಟೂ ಒಡೆದು ಕೇಳುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು, ಅತಿ ಜೋರಾದ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ನೋಡಿಕೊಳ್ಳಿ. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆಯೇ ಬೇಕು, ಇದಕ್ಕೆ ಅಡ್ಡದಾರಿಯಿಲ್ಲ. ದಿನಕ್ಕೊಂದು ಎಂದಿಟ್ಟುಕೊಂಡರೂ ಎರಡು ತಿಂಗಳ ಕೆಲಸ.

ಟೇಪಿನ 'ಸ್ಸ್' ಸದ್ದು ತೆಗೆಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ತಡೆದುಕೊಳ್ಳಿ. ನಾನೂ ಒಮ್ಮೆ ಉತ್ಸಾಹದಲ್ಲಿ ನಾಯ್ಸ್ ರಿಡಕ್ಷನ್ ಹಾಕಿದೆ. ಸ್ಸ್ ಹೋಯಿತು, ಜೊತೆಗೆ ತಂಬೂರಿಯ ಝೇಂಕಾರವೂ ಹೋಯಿತು. ನಿರಂತರವಾಗಿ ಕೇಳುವ ಸದ್ದನ್ನೆಲ್ಲ ಆ ತಂತ್ರಾಂಶ ಕಸವೆಂದೇ ತಿಳಿಯುತ್ತದೆ. ತಂಬೂರಿ ಎಂದರೆ ನಿರಂತರವೇ ಅಲ್ಲವೇ. ಮೂಲ ಪ್ರತಿಯನ್ನು ಮುಟ್ಟದೆ ಇಡಿ.

ಇನ್ನು ಸಿ.ಡಿ.ಗಳ ಸರದಿ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶ ಬಳಸಿ. ಗೀರು ಬಿದ್ದ ಕಡೆ ಸಾಧಾರಣ ಪ್ಲೇಯರ್ ತನಗೆ ತೋಚಿದ ಧ್ವನಿಯನ್ನು ತುಂಬಿಸಿ ಸುಮ್ಮನಾಗಿಬಿಡುತ್ತದೆ. ಈ ತಂತ್ರಾಂಶವಾದರೋ ಮತ್ತೆ ಮತ್ತೆ ಓದಿ ಖಚಿತಪಡಿಸಿಕೊಳ್ಳುತ್ತದೆ. ಬೇರೆಯವರು ಇಳಿಸಿದ ಪ್ರತಿಯೊಂದಿಗೆ ತಾಳೆ ನೋಡುವ ಸೌಲಭ್ಯವೂ ಇದೆ, ಆದರೆ ನಮ್ಮ ಸಣ್ಣ ಕಂಪನಿಗಳ ಸಿ.ಡಿ.ಗಳು ಆ ಪಟ್ಟಿಯಲ್ಲಿ ಎಷ್ಟೋ ಸಲ ಸಿಗುವುದಿಲ್ಲ. ಆಗ 'ಟೆಸ್ಟ್ ಆ್ಯಂಡ್ ಕಾಪಿ' ಒತ್ತಿ. ಎರಡು ಸಲ ಓದಿದಾಗಲೂ ತಂತ್ರಾಂಶ ತೋರಿಸುವ ತಾಳೆಯ ಸಂಖ್ಯೆ ಒಂದೇ ಬಂದರೆ ನಂಬಬಹುದು. ಸಿ.ಡಿ. ಒರೆಸುವಾಗ ವೃತ್ತಾಕಾರವಾಗಿ ಉಜ್ಜಬೇಡಿ, ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ.

ನಿಜವಾದ ತಲೆನೋವು ಹೆಸರಿನದು. 'ಪಂಡಿತ್ ಭೀಮಸೇನ ಜೋಶಿ', 'ಭೀಮಸೇನ್ ಜೋಷಿ', ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು: ಸರ್ವರಿನ ಕಣ್ಣಿಗೆ ಇವರು ಮೂವರು ಬೇರೆ ಬೇರೆ ಗಾಯಕರು. ಬಿರುದು ಬೇಡ, ಒಂದೇ ಕಾಗುಣಿತ, ಒಂದೇ ಲಿಪಿ ಎಂದು ಮೊದಲ ದಿನವೇ ತೀರ್ಮಾನಿಸಿ. ಹಾಡಿನ ವಿವರ ತುಂಬಿಸುವ ಸಿದ್ಧ ಪಟ್ಟಿಗಳಲ್ಲಿ ಸಾಮಾನ್ಯವಾಗಿ ರಾಗ, ತಾಳಕ್ಕೆ ಜಾಗವಿರುವುದಿಲ್ಲ, ಆದರೆ ಫ್ಲ್ಯಾಕ್‌ನಲ್ಲಿ ನಿಮ್ಮದೇ ಟ್ಯಾಗ್, ಅಂದರೆ ಕಡತಕ್ಕೆ ಅಂಟಿಸುವ ವಿವರದ ಚೀಟಿ, ಸೇರಿಸಬಹುದು. 'ರಾಗ: ಕಲ್ಯಾಣಿ' ಎಂದು ಬರೆದಿಟ್ಟರೆ ಒಂದು ಸಂಜೆ ಹತ್ತು ಮಂದಿಯ ಕಲ್ಯಾಣಿಯನ್ನು ಸಾಲಾಗಿ ಕೇಳಬಹುದು. ನನಗಂತೂ ಈ ಸುಖದ ಮುಂದೆ ಸಿ.ಡಿ.ಗಿಂತ ಸೂಕ್ಷ್ಮವೆನ್ನುವ 'ಹೈ-ರೆಸ್' ಧ್ವನಿ ಸಪ್ಪೆ.

ಇಳಿಸುವ ಕೆಲಸ ಮುಗಿದ ಮೇಲೆ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿಯಿತು, ನಿಮ್ಮ ಐ3ಗೆ ವಿಂಡೋಸ್ 11 ಅಧಿಕೃತವಾಗಿ ದಕ್ಕುವುದಿಲ್ಲ. ಲಿನಕ್ಸ್ ಮೇಲೆ ಲಿರಿಯನ್ ಮ್ಯೂಸಿಕ್ ಸರ್ವರ್ ಇರಲಿ, ಇದು ಉಚಿತ. ಲಾಜಿಟೆಕ್ ಮೀಡಿಯಾ ಸರ್ವರ್ ಎಂದು ಹಿಂದೆ ಹೆಸರಿದ್ದದ್ದು ಇದೇ. ಸ್ಕ್ವೀಜ್‌ಲೈಟ್ ಎಂಬ ಪುಟ್ಟ ಪ್ಲೇಯರನ್ನೂ ಅದೇ ಯಂತ್ರದಲ್ಲಿ ಹಾಕಿದರೆ ಫೋನಿನ ಬ್ರೌಸರ್‌ನಿಂದಲೇ ಹಾಡು ಆರಿಸಬಹುದು. ಫ್ಯಾನ್ ಗದ್ದಲ ಕಿರಿಕಿರಿಯಾದರೆ ಡೆಸ್ಕ್‌ಟಾಪನ್ನು ಒಳಕೋಣೆಗೆ ಕಳಿಸಿ, ಆಂಪ್ಲಿಫೈಯರ್ ಪಕ್ಕ ರಾಸ್ಪ್‌ಬೆರಿ ಪೈ ಎಂಬ ಪುಟಾಣಿ ಕಂಪ್ಯೂಟರ್ ಇಟ್ಟು ಸ್ಕ್ವೀಜ್‌ಲೈಟನ್ನು ಅದರಲ್ಲಿ ಹಾಕಿ, ಅದಕ್ಕೆ ಫ್ಯಾನೇ ಬೇಕಿಲ್ಲ.

ಸೌಂಡ್ ಕಾರ್ಡ್ ಬದಲು ಸಾಧಾರಣ ಯುಎಸ್‌ಬಿ ಡ್ಯಾಕ್ ಕೊಳ್ಳಿ, ಕಂಪ್ಯೂಟರಿನ ಅಂಕಿಗಳನ್ನು ಧ್ವನಿಯ ಸಂಕೇತವಾಗಿಸುವ ಪುಟ್ಟ ಪೆಟ್ಟಿಗೆ ಅದು. ಕಂಪ್ಯೂಟರಿನ ಒಳಗಿನ ವಿದ್ಯುತ್ ಗಲಾಟೆಯಿಂದ ಧ್ವನಿ ಹೊರಗಿರುತ್ತದೆ. ಸಿ.ಡಿ.ಯಿಂದ ಬಂದದ್ದನ್ನು 44.1 ಕಿಲೋಹರ್ಟ್ಸ್‌ನಲ್ಲೇ, ಕ್ಯಾಸೆಟ್‌ನಿಂದ ಬಂದದ್ದನ್ನು 48ರಲ್ಲೇ, ಏನೂ ಬದಲಾಯಿಸದೆ ಡ್ಯಾಕ್‌ಗೆ ಕಳಿಸಿ. 192ಕ್ಕೆ ಏರಿಸಿದರೆ ಸಿ.ಡಿ.ಯಲ್ಲಿ ಇಲ್ಲದ್ದು ಎಲ್ಲಿಂದಲೂ ಬರುವುದಿಲ್ಲ. ಸಾವಿರಾರು ರೂಪಾಯಿಯ ನೆಟ್‌ವರ್ಕ್ ಕೇಬಲ್ ಮಾರುವವರು ಬಂದರೆ ಕಾಫಿ ಕೊಟ್ಟು ಕಳಿಸಿ.

ಎರಡು ಬಾಹ್ಯ ಹಾರ್ಡ್ ಡಿಸ್ಕ್‌ಗಳಲ್ಲಿ ಪ್ರತಿ ಮಾಡಿ, ಒಂದನ್ನು ತಂಗಿ ಮನೆಯಲ್ಲೋ ಮಗನ ಮನೆಯಲ್ಲೋ ಇಡಿ. ಕ್ಯಾಸೆಟ್ ಎಸೆಯಬೇಡಿ.

ಪ್ರಶ್ನೆ: ಕಂಪ್ಯೂಟರನ್ನು ಆಂಪ್ಲಿಫೈಯರ್‌ಗೆ ಜೋಡಿಸಿದಾಗಿನಿಂದ 'ಹುಂ' ಎಂಬ ಸದ್ದು. ಕಂಪ್ಯೂಟರ್ ಪ್ಲಗ್‌ನ ಅರ್ಥ್ ಪಿನ್ ತೆಗೆದರೆ ಹೋಗುತ್ತದೆ ಎಂದು ಎಲೆಕ್ಟ್ರೀಷಿಯನ್ ಹೇಳಿದರು. ತೆಗೆಸಲೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಖಂಡಿತ ಬೇಡ. ಸದ್ದು ಹೋಗಬಹುದು, ಆದರೆ ಕ್ಯಾಬಿನೆಟ್‌ಗೆ ಕರೆಂಟ್ ಸೋರಿದ ದಿನ ಹೊಡೆತ ನಿಮಗೇ. ಎರಡು ಉಪಕರಣಗಳು ಬೇರೆ ಬೇರೆ ಪ್ಲಗ್ ಪಾಯಿಂಟಿನಿಂದ ಅರ್ಥ್ ಪಡೆದಾಗ ಹೀಗಾಗುವುದುಂಟು. ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿ ನೋಡಿ. ಹೋಗದಿದ್ದರೆ ಮಧ್ಯೆ ಆಪ್ಟಿಕಲ್ ಕೇಬಲ್ ಬಳಸಿ, ಅದರಲ್ಲಿ ಹರಿಯುವುದು ಬೆಳಕು, ಹುಂ ದಾಟಲು ತಂತಿಯೇ ಇರುವುದಿಲ್ಲ.