‘ದೊಡ್ಡವರ ವಿಷ್ಯ ನಿಂಗ್ಯಾಕೆ’ ಅನ್ನೋ ಮೊದ್ಲು

ಪ್ರಶ್ನೆ: ನಾವು ಮುಂಬೈ ಹತ್ರ ಡೊಂಬಿವಲಿಯಲ್ಲಿರೋದು, ಊರು ಕುಂದಾಪುರದ ಕಡೆ. ಮಗಳು ಎಂಟನೇ ಕ್ಲಾಸು. ಲೈಬ್ರರಿ ಪಿರಿಯಡ್‌ನಲ್ಲೂ ಗಣಿತದ ಪೋರ್ಷನ್ ಮುಗಿಸ್ತಾರೆ, ನಮ್ಮನ್ನ ಒಂದು ಮಾತೂ ಕೇಳಲ್ಲ ಅಂತ ಕ್ಲಾಸ್ ಟೀಚರ್‌ಗೆ ಹೇಳಿದ್ಲಂತೆ, ನಮ್ಮನ್ನ ಕರೆಸಿದ್ರು. ಈಗ ಕಾಂಪೌಂಡಲ್ಲಿ ಆಟ ಬಂದ್ ಮಾಡಿದ್ದಕ್ಕೆ ನಮ್ಮ ಬಿಲ್ಡಿಂಗಿನ ಸೊಸೈಟಿ ಕಮಿಟಿಗೂ ಪತ್ರ ಬರೀತೀನಿ ಅಂತಿದಾಳೆ. ಇವಳಪ್ಪ ‘ಮೊದ್ಲು ಮಾರ್ಕ್ಸ್ ತೆಗಿ, ದೊಡ್ಡವರ ವಿಷ್ಯ ನಿಂಗ್ಯಾಕೆ’ ಅಂತಾರೆ. ನಾನೇನ್ ಮಾಡ್ಲಿ?

ಉತ್ತರ: ಆ ಪತ್ರ ಬರೆಯೋಕೆ ಬಿಡಿ ಅಮ್ಮಾ, ದಯವಿಟ್ಟು ತಡೀಬೇಡಿ. ಕಾಂಪೌಂಡಲ್ಲಿ ಆಡೋರು ಮಕ್ಕಳು, ಲೈಬ್ರರಿ ಪಿರಿಯಡ್ ಕಳ್ಕೊಂಡಿರೋರೂ ಅವ್ರೇ, ಹಾಗಿದ್ಮೇಲೆ ಅದು ದೊಡ್ಡವರ ವಿಷ್ಯ ಹೇಗಾಗುತ್ತೆ?

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲೇ ಒಪ್ಪಿಗೆ ಕೊಟ್ಟಿದೆ, ಅದರ 12ನೇ ವಿಧಿಯಲ್ಲಿ ಮಗುಗೆ ಸಂಬಂಧಪಟ್ಟ ವಿಷ್ಯದಲ್ಲಿ ಅದರ ಅಭಿಪ್ರಾಯ ಕೇಳ್ಬೇಕು, ವಯಸ್ಸು ತಿಳುವಳಿಕೆ ನೋಡಿ ಅದಕ್ಕೆ ಬೆಲೆ ಕೊಡ್ಬೇಕು ಅಂತಿದೆ. ಹೇಳಿದ್ದೆಲ್ಲಾ ನಡೀಬೇಕು ಅಂತೇನಿಲ್ಲ, ಆದ್ರೆ ಆಗಲ್ಲ ಅಂದ್ರೆ ಯಾಕಾಗಲ್ಲ ಅಂತ ಅವಳಿಗೆ ಗೊತ್ತಾಗ್ಬೇಕು, ನಮ್ಮ ಮನೆಗಳಲ್ಲಿ ಬಿಟ್ಟುಹೋಗೋದೇ ಇದು ನೋಡಿ. ಊರಲ್ಲಿರೋ ನೆಂಟರನ್ನ ಕೇಳಿ, ಅಲ್ಲಿ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ಅಂತ ನಡೆಸ್ತಾರೆ, ಶಾಲೆ ಟಾಯ್ಲೆಟ್ಟು, ಕುಡಿಯೋ ನೀರು, ರಸ್ತೆ ಬಗ್ಗೆ ಮಕ್ಕಳೇ ಮೈಕ್ ಹಿಡಿದು ಕೇಳ್ತಾರೆ, ಪಂಚಾಯ್ತಿಯವ್ರು ಉತ್ತರ ಕೊಡ್ಬೇಕು. ಅಲ್ಲಿಯ ಮಕ್ಕಳು ಕೇಳೋದನ್ನ ಡೊಂಬಿವಲಿಯ ಹುಡುಗಿ ಕೇಳಿದ್ರೆ ಅಧಿಕಪ್ರಸಂಗ ಆಗಲ್ಲ.

ಸ್ಕೂಲಿಗೆ ಹೋದಾಗ ಅವಳನ್ನೂ ಕರ್ಕೊಂಡು ಹೋಗಿ, ಅವಳೇ ಮಾತಾಡ್ಲಿ, ಮಧ್ಯ ಬಾಯಿ ಹಾಕ್ಬೇಡಿ. ಟೀಚರ್ ಮೇಲೂ ಪೋರ್ಷನ್ ಒತ್ತಡ ಇರುತ್ತೆ ಪಾಪ, ಅದನ್ನ ಅವರ ಬಾಯಿಂದ ಕೇಳಿದ್ರೆ ಇವಳಿಗೂ ಅರ್ಥ ಆಗುತ್ತೆ. ವಾರಕ್ಕೆ ಒಂದಾದ್ರೂ ಪಿರಿಯಡ್ ಓದೋಕೇ ಬಿಡಿ ಅಂತ ಕೇಳ್ಲಿ, ಸಿಗದಿದ್ರೆ ಪೇರೆಂಟ್ಸ್ ಮೀಟಿಂಗಲ್ಲಿ ನೀವು ಎತ್ತಿ. ಕ್ಲಾಸಲ್ಲಿ ಎಲ್ಲರೆದುರು ಚುಚ್ಚಿ ಮಾತಾಡಿದ್ರೆ ಮಾತ್ರ ಸುಮ್ಮನಿರ್ಬೇಡಿ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯೋದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಸೊಸೈಟಿ ಪತ್ರದಲ್ಲಿ ಬರೀ ಕಂಪ್ಲೇಂಟ್ ಬೇಡ. ಸಂಜೆ ಐದರಿಂದ ಏಳು ಆಟ, ಪಾರ್ಕಿಂಗ್ ಕಡೆ ಬಾಲ್ ಹೋಗದ ಹಾಗೆ ಒಂದು ಮೂಲೆ, ಅಜ್ಜ ಅಜ್ಜಿಯರು ವಾಕಿಂಗ್ ಬರೋ ಹೊತ್ತಿಗೆ ಬಂದ್, ಹೀಗೆ ಅವಳೇ ಯೋಚ್ನೆ ಮಾಡಿ ಬರೀಲಿ, ಉಳಿದ ಮಕ್ಕಳ ಸಹಿ ಹಾಕಿಸ್ಲಿ. ಕಳಿಸೋ ಮೊದ್ಲು ಒಂದ್ಸಲ ಅವಳ ಅಪ್ಪನಿಗೇ ಓದಿ ಹೇಳ್ಲಿ.