ಟೆಂಪೋ ಟ್ರಾವೆಲರ್ ಕ್ಯಾಂಪರ್‌ಗೆ ಮನೆಯ ಇನ್ವರ್ಟರ್, ಪೆಟ್ರೋಲ್ ಜನರೇಟರ್ ಹಾಕಬಹುದೇ? ವೈರಿಂಗ್ ಹೇಗೆ?

ನೀವು ಕೇಳಿದ್ದು ಇಷ್ಟು: ಟೆಂಪೋ ಟ್ರಾವೆಲರ್ ಅನ್ನು ಕ್ಯಾಂಪರ್ ಮಾಡಿಸುತ್ತಿದ್ದೀರಿ, ಮನೆಯಲ್ಲಿ ಸುಮ್ಮನೆ ಕೂತಿರುವ ಇನ್ವರ್ಟರ್ ಮತ್ತು 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್ ಬ್ಯಾಟರಿಯನ್ನೇ ಅದಕ್ಕೆ ಹಾಕಬಹುದೇ, 2 ಕಿಲೋವ್ಯಾಟ್ ಪೆಟ್ರೋಲ್ ಜನರೇಟರ್ ಅನ್ನು ಡಿಕ್ಕಿಯಲ್ಲೇ ಕೂರಿಸಬಹುದೇ, ರಾತ್ರಿ ಎಸಿ ಓಡುತ್ತದೆಯೇ ಎಂದು.

ಇನ್ವರ್ಟರ್, ಬ್ಯಾಟರಿ ಎರಡನ್ನೂ ಮನೆಯಲ್ಲೇ ಬಿಡಿ. ಜನರೇಟರ್ ತೆಗೆದುಕೊಳ್ಳಿ, ಆದರೆ ಡಿಕ್ಕಿಯೊಳಗೆ ಓಡಿಸಬೇಡಿ. ಗಾಡಿಯ ಸಾಕೆಟ್‌ಗಳಿಗೆ ಅದನ್ನು ನೇರವಾಗಿ ಜೋಡಿಸಲೂ ಬೇಡಿ. ಜನರೇಟರ್ ಚಾರ್ಜರ್‌ಗೆ, ಚಾರ್ಜರ್ ಬ್ಯಾಟರಿಗೆ, ಬ್ಯಾಟರಿ ಇನ್ವರ್ಟರ್‌ಗೆ, ಇನ್ವರ್ಟರ್ ಸಾಕೆಟ್‌ಗಳಿಗೆ: ಕರೆಂಟ್ ಈ ಒಂದೇ ದಾರಿಯಲ್ಲಿ ಹೋಗಲಿ. ಜನರೇಟರ್ ಲೈನೂ ಇನ್ವರ್ಟರ್ ಲೈನೂ ಎಲ್ಲೂ ಸೇರದಿದ್ದರೆ ಎರಡರಲ್ಲಿ ಒಂದನ್ನೇ ಆರಿಸುವ ಚೇಂಜ್‌ಓವರ್ ಸ್ವಿಚ್ಚಿನ ಗೊಡವೆಯೇ ಇಲ್ಲ. ಮರೆವಿನಿಂದ ಎರಡೂ ಒಂದರ ಮೇಲೊಂದು ಬಿದ್ದು ಇನ್ವರ್ಟರ್ ಸುಡುವ ಭಯವೂ ಇಲ್ಲ.

ಮೊದಲು ಲೆಕ್ಕ. 50 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ದಿನಕ್ಕೆ ಸುಮಾರು 550 ವ್ಯಾಟ್ ಅವರ್ ತಿನ್ನುತ್ತದೆ. 25 ವ್ಯಾಟ್ ಫ್ಯಾನ್ ಹತ್ತು ಗಂಟೆಗೆ 250, ಎಲ್‌ಇಡಿ ದೀಪಗಳಿಗೆ 100, ನೀರಿನ ಪಂಪಿಗೆ 30, ಫೋನು ಲ್ಯಾಪ್‌ಟಾಪಿಗೆ 250, ಮಿಕ್ಸಿಗೆ 100. ಇಂಡಕ್ಷನ್ ಒಲೆ 1500 ವ್ಯಾಟಿನಲ್ಲಿ ಅರ್ಧ ಗಂಟೆ ಉರಿದರೆ 750. ಒಟ್ಟು ಸುಮಾರು 2,030. ಇದರ ಜೊತೆಗೆ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಖರ್ಚಿದೆ. 2000 ವ್ಯಾಟ್ ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ ಸುಮಾರು 20 ವ್ಯಾಟ್ ಎಳೆಯುತ್ತಿರುತ್ತದೆ. ದಿನವಿಡೀ ಬಿಟ್ಟರೆ 480 ವ್ಯಾಟ್ ಅವರ್ ಹೋಯಿತು. ಹಾಗಾಗಿ ಫ್ರಿಜ್, ಫ್ಯಾನ್, ದೀಪ, ಪಂಪು ಎಲ್ಲವನ್ನೂ 12 ವೋಲ್ಟಿನಲ್ಲೇ ಇಟ್ಟು, ಇನ್ವರ್ಟರ್‌ನ ರಿಮೋಟ್ ಸ್ವಿಚ್ಚನ್ನು ಅಡುಗೆ ಕಟ್ಟೆಯ ಪಕ್ಕ ತನ್ನಿ. ಬೇಕಾದಾಗ ಮಾತ್ರ ಹಾಕುವ ಅಭ್ಯಾಸ ತಾನಾಗಿ ಬರುತ್ತದೆ.

ನಿಮ್ಮ ಟ್ಯೂಬ್ಯುಲರ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್ ಅವರ್. ಬಾಳಿಕೆ ಕೆಡದಂತೆ ಬಳಸಬೇಕಾದರೆ ಅದರ ಅರ್ಧ, ಅಂದರೆ 900. ಅದರ 150 ಎಎಚ್ ಸಾಮಾನ್ಯವಾಗಿ ಹತ್ತು ಗಂಟೆಯಲ್ಲಿ ನಿಧಾನವಾಗಿ, ಸುಮಾರು 15 ಆಂಪಿಯರ್‌ನಂತೆ ಎಳೆದಾಗ ಸಿಗುವ ಲೆಕ್ಕ. ಇಂಡಕ್ಷನ್ ಹಾಕಿ 140 ಆಂಪಿಯರ್ ಎಳೆದರೆ ವೋಲ್ಟೇಜ್ ಕುಸಿದು ಬ್ಯಾಟರಿಯಲ್ಲಿ ಚಾರ್ಜ್ ಇರುವಾಗಲೇ ಇನ್ವರ್ಟರ್ ಟ್ರಿಪ್ ಆಗುತ್ತದೆ. ತೂಕವೂ 55-60 ಕಿಲೋ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಘಾಟಿಯ ತಿರುವುಗಳಲ್ಲಿ ಆ್ಯಸಿಡ್ ಚೆಲ್ಲುತ್ತದೆ. ಮಲಗುವ ಜಾಗದಲ್ಲಿ ಇಡುವ ವಸ್ತುವಲ್ಲ. 12.8 ವೋಲ್ಟ್ 200 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 2,560 ವ್ಯಾಟ್ ಅವರ್ ಇದ್ದು, ಅದರಲ್ಲಿ 2,150ರಷ್ಟನ್ನು ಧೈರ್ಯವಾಗಿ ಬಳಸಬಹುದು. ತೂಕ ಸುಮಾರು 25 ಕಿಲೋ. ಕೊಳ್ಳುವಾಗ ಅದರ ಬಿಎಂಎಸ್ (ಬ್ಯಾಟರಿಯನ್ನು ಒಳಗಿನಿಂದ ಕಾಯುವ ಸರ್ಕ್ಯೂಟ್) ಎಡೆಬಿಡದೆ 200 ಆಂಪಿಯರ್ ಕೊಡುತ್ತದೆಯೇ ಎಂದು ಕೇಳಿ. 100 ಆಂಪಿಯರ್ ಬಿಎಂಎಸ್ ಹಾಕಿ ಮಾರುವವರಿದ್ದಾರೆ, ಅದರಲ್ಲಿ 2000 ವ್ಯಾಟ್ ಇನ್ವರ್ಟರ್ ಪೂರ್ತಿ ಓಡದು.

ಮನೆಯ ಇನ್ವರ್ಟರ್ ಬೇಡ ಎನ್ನಲು ಕಾರಣ ಬೇರೆ. ಅದರ ಚಾರ್ಜರ್ ಸೀಸದ ಬ್ಯಾಟರಿಗೆ ಹೊಂದಿಸಿದ್ದು; ವೋಲ್ಟೇಜ್ ಮೇಲೇರಿದರೆ ಲಿಥಿಯಂನ ಬಿಎಂಎಸ್ ಚಾರ್ಜಿಂಗ್ ನಿಲ್ಲಿಸಿಬಿಡುತ್ತದೆ. ಒಳಗಿನ ಭಾರದ ಟ್ರಾನ್ಸ್‌ಫಾರ್ಮರ್ ಗೋಡೆ ಪಕ್ಕ ಕೂರಲು ಮಾಡಿದ್ದೇ ಹೊರತು ರಸ್ತೆಗುಂಡಿಗಳ ಹೊಡೆತಕ್ಕಲ್ಲ. ವಾಹನಕ್ಕೆಂದೇ ಮಾಡಿದ 2000 ವ್ಯಾಟ್ ಪ್ಯೂರ್ ಸೈನ್‌ವೇವ್ (ಮನೆ ಕರೆಂಟಿನಂಥದ್ದೇ ನುಣುಪು ಅಲೆ ಕೊಡುವ) ಇನ್ವರ್ಟರ್ ತೆಗೆದುಕೊಳ್ಳಿ.

ಕೇಬಲ್ ವಿಷಯದಲ್ಲಿ ಉಳಿತಾಯ ಮಾಡಲೇಬೇಡಿ, ಕ್ಯಾಂಪರ್‌ಗಳಲ್ಲಿ ಬೆಂಕಿ ಹುಟ್ಟುವುದು ಇಲ್ಲೇ. 2000 ವ್ಯಾಟ್ ಲೋಡಿಗೆ, ಇನ್ವರ್ಟರ್‌ನ ನಷ್ಟ ಸೇರಿ, 12 ವೋಲ್ಟ್ ಕಡೆ ಹರಿಯುವುದು ಸುಮಾರು 185 ಆಂಪಿಯರ್. ಬ್ಯಾಟರಿಯಿಂದ ಇನ್ವರ್ಟರ್‌ಗೆ ಒಂದೂವರೆ ಮೀಟರ್ ಇದೆ ಎಂದಿಟ್ಟುಕೊಳ್ಳಿ, ಹೋಗಿ ಬರಲು 3 ಮೀಟರ್. 16 ಸ್ಕ್ವೇರ್ ಎಂಎಂ ಕೇಬಲ್ ಹಾಕಿದರೆ ದಾರಿಯಲ್ಲೇ 0.6 ವೋಲ್ಟ್ ಕಳೆದು, ಆ ಕೇಬಲ್ 110 ವ್ಯಾಟ್ ಶಾಖ ಉಗುಳುತ್ತಾ ಕೂರುತ್ತದೆ, ಅದೂ ಪ್ಲೈವುಡ್ ಪೆಟ್ಟಿಗೆಯೊಳಗೆ. 70 ಸ್ಕ್ವೇರ್ ಎಂಎಂ ಹಾಕಿದರೆ 0.14 ವೋಲ್ಟ್ ಅಷ್ಟೇ. ಹಾಗಾಗಿ 70ರ ತಾಮ್ರದ ಕೇಬಲ್ಲೇ ಇರಲಿ, ಒಂದೂವರೆ ಮೀಟರ್ ದಾಟದಿರಲಿ. ನವಿರು ಎಳೆಗಳ ವೆಲ್ಡಿಂಗ್ ಕೇಬಲ್ ಈ ಕೆಲಸಕ್ಕೆ ಒಗ್ಗುತ್ತದೆ, ಆದರೆ ಅಂಗಡಿಯಲ್ಲಿ ಅಲ್ಯೂಮಿನಿಯಂನದೂ ಸಿಗುತ್ತದೆ. ತುದಿ ಕತ್ತರಿಸಿ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ ಕೊಳ್ಳಿ. ನೆಗೆಟಿವ್‌ಗೂ ಅಷ್ಟೇ ದಪ್ಪದ ಪ್ರತ್ಯೇಕ ಕೇಬಲ್ ಬೇಕು, ಚಾಸಿಸ್ ಮೂಲಕ ಇನ್ವರ್ಟರ್ ಕರೆಂಟ್ ವಾಪಸ್ ತರಬೇಡಿ. ಬ್ಯಾಟರಿ ನೆಗೆಟಿವ್‌ನಿಂದ ಚಾಸಿಸ್‌ಗೆ ಒಂದೇ ಕಡೆ, ಪೇಂಟ್ ಕೆರೆದು, ಬೋಲ್ಟ್ ಹಾಕಿ ಜೋಡಿಸಿ.

ಕೇಬಲ್ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿಸಬೇಡಿ. ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್, 70ರ ಡೈ, ತಾಮ್ರದ ಲಗ್, ಮೇಲೆ ಹೀಟ್ ಶ್ರಿಂಕ್ ತೋಳು. ಕ್ರಿಂಪ್ ಆದ ಮೇಲೆ ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ, ಎಳ್ಳಷ್ಟೂ ಜಾರಬಾರದು. ಟರ್ಮಿನಲ್ ಮೇಲೆ ಕೂರಿಸುವಾಗ ಲಗ್ ನೇರವಾಗಿ ಲೋಹದ ಮೇಲೆ ಕೂರಲಿ, ವಾಷರ್‌ಗಳು ಲಗ್‌ನ ಮೇಲೆ ಬರಲಿ. ಅಡಿಯಲ್ಲಿ ಸ್ಟೀಲ್ ವಾಷರ್ ಸಿಕ್ಕಿಕೊಂಡರೆ ಇಡೀ 185 ಆಂಪಿಯರ್ ಅದರ ಮೂಲಕ ಹಾಯ್ದು ಟರ್ಮಿನಲ್ ಕರಗುತ್ತದೆ. ಕೇಬಲ್ ತಗಡು ದಾಟುವಲ್ಲೆಲ್ಲ ರಬ್ಬರ್ ಬುಷ್ ಹಾಕಿಸಿ.

ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಬರಬೇಕು. 250 ಆಂಪಿಯರ್, ಡಿಸಿ ರೇಟಿಂಗ್ ಇರುವ ಎಚ್‌ಆರ್‌ಸಿ ಫ್ಯೂಸ್ ಅಥವಾ ಕ್ಲಾಸ್ ಟಿ; ಎರಡೂ ಭಾರಿ ಶಾರ್ಟ್ ಕರೆಂಟನ್ನೂ ಕಡಿಯಬಲ್ಲವು. ಕಾರ್ ಸ್ಟೀರಿಯೊ ಅಂಗಡಿಯ ಚಿನ್ನದ ಬಣ್ಣದ ಅಗ್ಗದ ಫ್ಯೂಸ್ ಬೇಡ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ನುಗ್ಗುತ್ತದೆ. ಅಂಥ ಫ್ಯೂಸ್ ಕರಗಿದರೂ ಒಳಗೆ ಆರ್ಕ್ ಉರಿಯುತ್ತಲೇ ಇರಬಹುದು. ಫ್ಯೂಸ್ ಆದ ಮೇಲೆ 300 ಆಂಪಿಯರ್ ಬ್ಯಾಟರಿ ಸ್ವಿಚ್. ಮೊದಲ ಸಲ ಆ ಸ್ವಿಚ್ ಹಾಕುವ ಮುನ್ನ 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಅದರ ಎರಡು ತುದಿಗಳ ನಡುವೆ ಕೆಲವು ಸೆಕೆಂಡ್ ಹಿಡಿಯಿರಿ. ಬಲ್ಬ್ ಹೊತ್ತಿ ಮಂಕಾದರೆ ಇನ್ವರ್ಟರ್‌ನ ಕೆಪಾಸಿಟರ್‌ಗಳು ತುಂಬಿದವು ಎಂದರ್ಥ. ಹೀಗೆ ಮಾಡದೆ ನೇರ ಹಾಕಿದರೆ ದೊಡ್ಡ ಕಿಡಿ ಹಾರಿ ಸ್ವಿಚ್ ಸುಡುತ್ತದೆ ಅಥವಾ ಬಿಎಂಎಸ್ ಶಾರ್ಟ್ ಎಂದು ತಿಳಿದು ಬಂದ್ ಆಗುತ್ತದೆ. ಎಷ್ಟೋ ಜನ ಬ್ಯಾಟರಿಯೇ ಕೆಟ್ಟಿದೆ ಎಂದು ವಾಪಸ್ ಕೊಡಲು ಹೊರಡುವುದು ಈ ಕಾರಣಕ್ಕೆ.

ಇನ್ವರ್ಟರ್ ಔಟ್‌ಪುಟ್‌ಗೆ 10 ಆಂಪಿಯರ್ ಡಬಲ್ ಪೋಲ್ ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಆಮೇಲೆ ಎರಡೂವರೆ ಸ್ಕ್ವೇರ್ ಮಲ್ಟಿಸ್ಟ್ರ್ಯಾಂಡ್ ವೈರು. ಒಂಟಿ ಗಟ್ಟಿ ಎಳೆಯ ವೈರು ಅಲುಗಾಟಕ್ಕೆ ಮುರಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಇನ್ವರ್ಟರ್‌ನ ನ್ಯೂಟ್ರಲ್ ಚಾಸಿಸ್‌ಗೆ ಸೇರದೆ ತೇಲುತ್ತಿದ್ದರೆ, ಫೇಸ್ ವೈರು ಬಾಡಿಗೆ ತಗುಲಿದರೂ ಕರೆಂಟ್ ವಾಪಸ್ ಬರಲು ದಾರಿಯಿಲ್ಲ, ಆರ್‌ಸಿಸಿಬಿ ಬೀಳುವುದೇ ಇಲ್ಲ. ಹಾಗಾಗಿ ಆರ್‌ಸಿಸಿಬಿಗೂ ಮೊದಲೇ ನ್ಯೂಟ್ರಲ್ ಅನ್ನು ಚಾಸಿಸ್ ಅರ್ಥ್‌ಗೆ ಸೇರಿಸಬೇಕು. ಆದರೆ ಹಾಗೆ ಸೇರಿಸಬಹುದು ಎಂದು ಇನ್ವರ್ಟರ್‌ನ ಕೈಪಿಡಿ ಹೇಳಿದರೆ ಮಾತ್ರ. ಕೆಲವು ಅಗ್ಗದ ಇನ್ವರ್ಟರ್‌ಗಳಲ್ಲಿ ಎರಡೂ ತಂತಿಗಳಲ್ಲಿ ಅರ್ಥ್‌ಗೆ ಎದುರಾಗಿ ಸುಮಾರು 115 ವೋಲ್ಟ್ ಇರುವ ವಿನ್ಯಾಸವಿರುತ್ತದೆ, ಸೇರಿಸಿದ ಗಳಿಗೆಯಲ್ಲೇ ಸುಡುತ್ತದೆ. ಅಂಥದ್ದನ್ನು ಕೊಳ್ಳಲೇಬೇಡಿ.

ಗಾಡಿಯ ಹೊರಮೈಗೆ ನೀಲಿ ಬಣ್ಣದ 16 ಆಂಪಿಯರ್ ಇಂಡಸ್ಟ್ರಿಯಲ್ ಇನ್‌ಲೆಟ್ ಒಂದೇ ಒಂದು ಇರಲಿ, ಅದರ ಹಿಂದೆಯೇ ಡಬಲ್ ಪೋಲ್ ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡೂ ಒಂದರಲ್ಲೇ). ಹೋಮ್‌ಸ್ಟೇಯ ಕರೆಂಟಾಗಲಿ, ಜನರೇಟರಾಗಲಿ, ಈ ಒಂದೇ ಬಾಯಿಂದ ಬಂದು ಚಾರ್ಜರ್‌ಗೆ ಮಾತ್ರ ಹೋಗಲಿ. ಹೋಮ್‌ಸ್ಟೇ ಸಾಕೆಟ್‌ಗಳಲ್ಲಿ ಫೇಸ್ ನ್ಯೂಟ್ರಲ್ ತಿರುವುಮುರುವಾಗಿರುವುದು, ಅರ್ಥ್ ಇಲ್ಲದಿರುವುದು ಮಾಮೂಲು, ಚುಚ್ಚುವ ಮುನ್ನ ಸಾಕೆಟ್ ಟೆಸ್ಟರ್ ಹಾಕಿ ನೋಡಿ. ಅರ್ಥ್ ಇಲ್ಲದಿದ್ದರೆ ಆ ಸಾಕೆಟ್ ಬೇಡ.

ಚಾರ್ಜರ್ 60 ಆಂಪಿಯರಿನದು ಸಾಕು. ಲಿಥಿಯಂ ಸೆಟ್ಟಿಂಗ್‌ನಲ್ಲಿ 14.2ರಿಂದ 14.4 ವೋಲ್ಟ್, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5, ಈಕ್ವಲೈಸ್ (ಸೀಸದ ಬ್ಯಾಟರಿಗೆ ಕೊಡುವ ಹೆಚ್ಚುವರಿ ಚಾರ್ಜ್) ಆಫ್. ಇದು ಜನರೇಟರ್‌ನಿಂದ ಸುಮಾರು 1000 ವ್ಯಾಟ್ ಎಳೆಯುತ್ತದೆ. ಚಾರ್ಜರ್‌ನ ಪವರ್ ಫ್ಯಾಕ್ಟರ್ ಕಡಿಮೆ ಇದ್ದರೆ ಜನರೇಟರ್ ಮೇಲೆ ಬೀಳುವ ಹೊರೆ 1300-1400 ವಿಎ (ವೋಲ್ಟ್ ಆಂಪಿಯರ್) ಆಗುತ್ತದೆ. ಆದ್ದರಿಂದ ನೀವು ನೋಡಿರುವ 2 ಕಿಲೋವ್ಯಾಟ್ ಸರಿಯಾದ ಅಳತೆ, 1 ಕಿಲೋವ್ಯಾಟ್ ಸಾಲದು. ಒಳಗೇ ಇನ್ವರ್ಟರ್ ಇದ್ದು ಸ್ವಚ್ಛ ಕರೆಂಟ್ ಕೊಡುವ, ಇನ್ವರ್ಟರ್ ಮಾದರಿಯ ಜನರೇಟರ್ ಆಗಿರಲಿ. ಬರಿದಾದ ಬ್ಯಾಟರಿ ಎರಡೂವರೆ, ಮೂರು ಗಂಟೆಯಲ್ಲಿ ತುಂಬುತ್ತದೆ. ಎತ್ತರ ಏರಿದಂತೆ ಪ್ರತಿ 300 ಮೀಟರಿಗೆ ಸುಮಾರು 3.5 ಶೇಕಡ ಶಕ್ತಿ ಇಳಿಯುತ್ತದೆ. ಮಡಿಕೇರಿಯಲ್ಲಿ ಅದು ಗೊತ್ತಾಗದು. ಆದರೆ 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಎಡೆಬಿಡದೆ 1800 ವ್ಯಾಟ್ ಕೊಡುವ 2 ಕಿಲೋವ್ಯಾಟ್ ಯಂತ್ರ 1050ಕ್ಕೆ ಬಂದು ನಿಲ್ಲುತ್ತದೆ, ಚಾರ್ಜರ್ ಅನ್ನು 30 ಆಂಪಿಯರ್‌ಗೆ ಇಳಿಸಲೇಬೇಕು. ಅಲ್ಲಿ ಇನ್ನೊಂದು ಎಚ್ಚರ: ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಲಿಥಿಯಂ ಬ್ಯಾಟರಿಗೆ ಚಾರ್ಜ್ ಕೊಡಬಾರದು.

ನಿಜ ಹೇಳಬೇಕೆಂದರೆ, ಜನರೇಟರ್‌ಗಿಂತ ಮೊದಲು 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಗಾಡಿ ಓಡುವಾಗ ಆಲ್ಟರ್ನೇಟರ್‌ನಿಂದ ಗಂಟೆಗೆ 400 ವ್ಯಾಟ್ ಅವರ್ ತುಂಬಿಸುತ್ತದೆ; ಬೆಂಗಳೂರಿನಿಂದ ಹಂಪಿ ಮುಟ್ಟುವಷ್ಟರಲ್ಲಿ ಬ್ಯಾಟರಿ ಹೆಚ್ಚುಕಡಿಮೆ ಭರ್ತಿ. 16 ಸ್ಕ್ವೇರ್ ಕೇಬಲ್, ಎರಡೂ ತುದಿಗೆ 60 ಆಂಪಿಯರ್ ಫ್ಯೂಸ್, ಆನ್ ಆಗಲು ಇಗ್ನಿಷನ್ ವೈರು. ಗಾಡಿಯ ಬ್ಯಾಟರಿ, ಲಿಥಿಯಂ ಬ್ಯಾಟರಿ ಎರಡನ್ನೂ ಬರೀ ರಿಲೇ ಹಾಕಿ ಸೇರಿಸಿದರೆ ಲಿಥಿಯಂ ಮಿತಿಯಿಲ್ಲದೆ ಎಳೆದು ಆಲ್ಟರ್ನೇಟರ್ ಸುಡುತ್ತದೆ.

ಈಗ ಡಿಕ್ಕಿಯ ಮಾತು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರ್‌ನ ಕಾರ್ಬನ್ ಮೊನಾಕ್ಸೈಡ್ ನೆಲದಲ್ಲಿದ್ದ ರಂಧ್ರದಿಂದ ಒಳಗೆ ಬಂದಿತ್ತು ಎಂದು ಪರಿಶೀಲಿಸಿದ ತಜ್ಞರು ಕಂಡುಕೊಂಡರು. ಆ ಅನಿಲಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಒಂದು ವೈರು ತೂರಿಸಲು ಕೊರೆದ ತೂತು ಸಾಕು. ಡಿಕ್ಕಿಯಲ್ಲಿ ಜನರೇಟರ್ ಒಯ್ಯಿರಿ, ಓಡಿಸುವಾಗ ಕೆಳಗಿಳಿಸಿ, ಗಾಡಿಯಿಂದ ಕನಿಷ್ಠ 20 ಅಡಿ ದೂರ, ಗಾಳಿ ಬೀಸುವ ದಿಕ್ಕು ನೋಡಿ ಇಡಿ. ಎರಡೂವರೆ ಸ್ಕ್ವೇರಿನ ಮೂರು ಕೋರ್ ಕೇಬಲ್ 10 ಮೀಟರ್ ಇಟ್ಟುಕೊಳ್ಳಿ, ಸುರುಳಿ ಪೂರ್ತಿ ಬಿಚ್ಚಿ. ನೆಲದ ಪ್ರತಿ ತೂತನ್ನೂ ಸೀಲಂಟ್ ಹಾಕಿ ಮುಚ್ಚಿಸಿ, ಮಲಗುವ ಎತ್ತರದಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಅಲಾರಂ ಇರಲಿ. ಗ್ಯಾಸ್ ಲೀಕ್ ಅಲಾರಂ ಇದನ್ನು ಹಿಡಿಯುವುದಿಲ್ಲ. ಯಾರೊಬ್ಬರು ಒಳಗೆ ಮಲಗಿದ್ದರೂ ಜನರೇಟರ್ ಆಫ್, ಅಷ್ಟೇ.

ಇದರಲ್ಲೇ ಎಸಿಯ ಉತ್ತರವೂ ಇದೆ. 0.8 ಟನ್ನಿನ ಇನ್ವರ್ಟರ್ ಎಸಿ ರಾತ್ರಿಯ ಸರಾಸರಿ 450 ವ್ಯಾಟ್ ಎಂದರೂ ಎಂಟು ಗಂಟೆಗೆ 3,600 ವ್ಯಾಟ್ ಅವರ್. 200 ಎಎಚ್‌ನಲ್ಲಿ ಆಗದು. ಇಡೀ ರಾತ್ರಿ ಎಸಿ ಬೇಕೇ ಬೇಕು ಎಂದರೆ ಬ್ಯಾಟರಿಯನ್ನು 400 ಎಎಚ್ ಮಾಡಿಸಿ ಅಥವಾ ಕರೆಂಟ್ ಸಿಗುವ ಜಾಗದಲ್ಲೇ ತಂಗಿ.

ಗಾಡಿಯ ಮೂಲ ವಿನ್ಯಾಸ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕೆಲಸಕ್ಕೆ ಕೈ ಹಚ್ಚುವ ಮುನ್ನ ಆರ್‌ಟಿಒದಲ್ಲಿ ವಿಚಾರಿಸಿ. ಬ್ಯಾಟರಿಯನ್ನು ಪ್ಲೈವುಡ್‌ಗಲ್ಲ, ನೆಲದ ಚೌಕಟ್ಟಿಗೆ ಬೋಲ್ಟ್ ಹಾಕಿದ ಪಟ್ಟಿಗಳಿಂದ ಬಿಗಿಸಿ. ಇನ್ವರ್ಟರ್ ಸುತ್ತ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ ಬಿಡಿ. 1500 ವ್ಯಾಟ್ ಕೊಡುವಾಗ ಅದು 150 ವ್ಯಾಟಿನಷ್ಟು ಶಾಖ ಹೊರಹಾಕಬೇಕು.

ಎಲ್ಲ ಮುಗಿದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಆಮೇಲೆ ಇಂಡಕ್ಷನ್ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು 15 ನಿಮಿಷ ಓಡಿಸಿ. ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್‌ನಲ್ಲೂ ಇನ್ವರ್ಟರ್ ಟರ್ಮಿನಲ್‌ನಲ್ಲೂ ವೋಲ್ಟೇಜ್ ಅಳೆಯಿರಿ. 0.3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಒಂದು ಜಾಯಿಂಟ್ ಸಡಿಲ. ಆಫ್ ಮಾಡಿದ ತಕ್ಷಣ ಒಂದೊಂದೇ ಲಗ್‌ಗೆ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ, ಉಳಿದವಕ್ಕಿಂತ ಬಿಸಿ ಇರುವುದನ್ನು ಬಿಚ್ಚಿ ಮತ್ತೆ ಮಾಡಿಸಿ. ಮೊದಲ ಪ್ರವಾಸ ಮುಗಿಸಿ ಬಂದಾಗ ಎಲ್ಲ ಬೋಲ್ಟ್‌ಗಳಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ.

ಜನರೇಟರ್‌ಗೆ ಮೊದಲ ಆಯಿಲ್ 20 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಬದಲಿಸಿ. ಇಳಿಜಾರಿನಲ್ಲಿಟ್ಟರೆ ಆಯಿಲ್ ಸಾಕಷ್ಟಿದ್ದರೂ ಲೋ ಆಯಿಲ್ ಸೆನ್ಸರ್ ಬಂದ್ ಮಾಡುತ್ತದೆ, ಸಮ ನೆಲ ನೋಡಿ ಇಡಿ. ತಿಂಗಳಿಗಿಂತ ಹೆಚ್ಚು ಕಾಲ ಬಳಸುವುದಿಲ್ಲ ಎಂದಾದರೆ ಕಾರ್ಬ್ಯುರೇಟರ್‌ನ ಪೆಟ್ರೋಲ್ ಇಳಿಸಿಡಿ, ಇಲ್ಲದಿದ್ದರೆ ಅಂಟು ಕಟ್ಟಿ ಮುಂದಿನ ಸಲ ಸ್ಟಾರ್ಟ್ ಆಗದು.